ಒಜೆಲಾ ಸತ್ತದ್ದು ಇಲ್ಲಲ್ಲ

ವಿಮಾನ ನಿಲ್ದಾಣದ ತಂಪಿನಿಂದ ಹೊರಗೆ ಕಾಲಿಟ್ಟ ಕೂಡಲೆ ಮಾರ್ವಾಳ ಕನ್ನಡಕ ಮಂಜುಮಂಜಾಯಿತು. ತೆಗೆದು ಅಂಗಿಯ ಅಂಚಿನಿಂದ ಒರೆಸಿ ಹಾಕಿಕೊಂಡಳು. ಮತ್ತೆ ಮಂಜಾಯಿತು. ಪಕ್ಕದಲ್ಲಿ ಅವಳ ಅಕ್ಕ ವರ್ಡೆಲ್ ಪೆಟ್ಟಿಗೆಯ ಹಿಡಿಯ ಮೇಲೆ ಕೈಯೂರಿ ನಿಂತು, ಮೂಗಿನ ತುಂಬ ಗಾಳಿ ಎಳೆದುಕೊಂಡಳು.

"ಒರೆಸಬೇಡ ಬಿಡೇ," ಅಂದಳು. "ಅದರಷ್ಟಕ್ಕೆ ಅದು ಸರಿಹೋಗುತ್ತೆ. ಈ ಊರಲ್ಲಿ ಅವಸರ ಮಾಡಿದಷ್ಟೂ ಬೆವರು."

ಅವಳು ಆ ಊರಿನ ಬಗ್ಗೆ ತಾನಾಗಿ ಆಡಿದ ಮೊದಲನೆಯ ಮಾತು ಅದು. ಅಮೆರಿಕದ ದಕ್ಷಿಣದ ಈ ಸವಾನಾದ ಹೆಸರು ಉತ್ತರದ ಡೆಟ್ರಾಯಿಟಿನ ಅವರ ಮನೆಯಲ್ಲಿ ಬಾಯಿಗೆ ಬರುತ್ತಿರಲಿಲ್ಲ. ಅವರ ತಾಯಿ ಒಜೆಲಾ ಅಲ್ಲಿ ಹುಟ್ಟಿ ಬೆಳೆದವಳು, ಬಿಳಿಯರ ಒಂದು ದೊಡ್ಡ ಮನೆಯಲ್ಲಿ ಅಡುಗೆಗಿದ್ದವಳು. ಏಳು ವರ್ಷದ ವರ್ಡೆಲ್‌ಳ ಕೈ ಹಿಡಿದುಕೊಂಡು ರೈಲು ಹತ್ತಿ, ಕಾರಿನ ಕಾರ್ಖಾನೆಯಲ್ಲಿ ಕೆಲಸ ಹಿಡಿದಿದ್ದ ಗಂಡನ ಹತ್ತಿರ ಬಂದುಬಿಟ್ಟವಳು ಮತ್ತೆ ಆ ಕಡೆ ತಲೆ ಹಾಕಲಿಲ್ಲ. ಅದಾದ ಮರುವರ್ಷ ಡೆಟ್ರಾಯಿಟಿನ ಹಿಮದಲ್ಲಿ ಮಾರ್ವಾ ಹುಟ್ಟಿದ್ದು. ಚಿಕ್ಕಂದಿನಲ್ಲಿ ಅವಳು ಗೋಗರೆದು ಕೇಳಿದಾಗಲೆಲ್ಲ ಒಜೆಲಾ, "ಸೆಕೆ ಊರು. ಸೊಳ್ಳೆ ಊರು. ಇನ್ನೇನು ಹೇಳಲಿ?" ಎಂದು ಮಾತು ಮುಗಿಸುತ್ತಿದ್ದಳು. ವರ್ಡೆಲ್ ಅಷ್ಟೂ ಹೇಳುತ್ತಿರಲಿಲ್ಲ.

ಈಗ ಒಜೆಲಾ ಹೋಗಿ ವರ್ಷಗಳಾಗಿದ್ದವು. ಅಕ್ಕತಂಗಿಯರಿಬ್ಬರೂ ವಿಧವೆಯರು, ಒಂದೇ ಬೀದಿಯಲ್ಲಿ ಎರಡು ಮನೆ. ವರ್ಡೆಲ್ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ದುಡಿದು ನಿವೃತ್ತಳಾದವಳು. ಮಾರ್ವಾ ಸಿಟಿ ಬಸ್ಸು ಓಡಿಸಿದವಳು. ಈಸ್ಟರ್ ಹಬ್ಬದ ದಿನ ಊಟದ ನಡುವೆ ವರ್ಡೆಲ್ ತಟ್ಟೆಯಿಂದ ತಲೆಯೆತ್ತದೆ, "ಕಾಲು ಬಿದ್ದುಹೋಗೋ ಮುಂಚೆ ಸವಾನಾಗೆ ಒಂದ್ಸಲ ಹೋಗಿಬರೋಣ," ಎಂದಾಗ ಮಾರ್ವಾಳ ಕೈಯಲ್ಲಿದ್ದ ಚಮಚ ಹಾಗೇ ನಿಂತಿತ್ತು. ಅಕ್ಕ ಮನಸ್ಸು ಬದಲಾಯಿಸುವ ಮೊದಲೇ ಎಂದು ಅವಳು ಆ ವಾರವೇ ಟಿಕೆಟ್ ಮಾಡಿಸಿದಳು. ಆಗಸ್ಟ್ ತಿಂಗಳಿನಲ್ಲಿ ಅಗ್ಗವಾಗಿ ಸಿಕ್ಕಿದ್ದೇಕೆ ಎಂಬುದು ಈಗ ಕನ್ನಡಕದ ಮೇಲೆ ಕಾಣುತ್ತಿತ್ತು.

ಮೊದಲ ದಿನ ಪ್ರವಾಸಿಗರು ಏನೇನು ನೋಡುತ್ತಾರೋ ಅದನ್ನೆಲ್ಲ ನೋಡಿದರು. ಬೀದಿ ಬೀದಿಗೊಂದು ಚೌಕ, ಚೌಕದ ತುಂಬ ಓಕ್ ಮರ, ಮರದ ಕೊಂಬೆಗಳಿಂದ ಬೂದುಬಣ್ಣದ ಜಡೆಗಳ ಹಾಗೆ ಇಳಿಬಿದ್ದ ಪಾಚಿ. ಹಡಗುಗಳು ತಂದು ಸುರಿದ ಗುಂಡುಕಲ್ಲು ಹಾಸಿದ ನದಿಬೀದಿಯಲ್ಲಿ ಮಾರ್ವಾ ಎಡವುತ್ತ, ನಗುತ್ತ, ಕಂಡಕಂಡದ್ದರ ಫೋಟೊ ತೆಗೆದಳು. ಎದುರಾದವರೆಲ್ಲ ಗುರುತಿಲ್ಲದಿದ್ದರೂ "ಹೇಗಿದೀರಿ, ಅಮ್ಮಾ?" ಎಂದು ನಿಂತು ಕೇಳುವುದು ಅವಳಿಗೆ ಹಿಡಿಸಿತು. ಹೋಟೆಲಿನಲ್ಲಿ ಟೊಮೆಟೊ ಹಾಕಿ ಬೇಯಿಸಿದ ಕೆಂಪನ್ನ, ಸಿಗಡಿ, ಬೆಂಡೆಕಾಯಿ ತಿಂದರು. ಉಪ್ಪಿನ ಡಬ್ಬಿಯೊಳಗೆ ಅಕ್ಕಿಕಾಳು ಕಂಡು ಮಾರ್ವಾ ಹುಬ್ಬೇರಿಸಿದಳು.

"ಉಪ್ಪು ನೀರೊಡೆಯಬಾರದಲ್ಲ, ಅದಕ್ಕೆ," ಅಂದಳು ವರ್ಡೆಲ್. "ತಿನ್ನು."

"ಚೆನ್ನಾಗಿದೆ ಅಲ್ವಾ ಅಕ್ಕಾ? ಅಮ್ಮ ಇದನ್ನ ಯಾಕೆ ಒಂದು ದಿನಾನೂ ಮಾಡಲಿಲ್ಲ?"

ವರ್ಡೆಲ್ ನಿಧಾನವಾಗಿ, ಒಂದೊಂದೇ ತುತ್ತು ಅಗಿದು, ತಟ್ಟೆ ಖಾಲಿ ಮಾಡಿದಳು.

ಮಾರನೆಯ ಬೆಳಿಗ್ಗೆ ಅವಳೇ ಮುಂದಾದಳು. ಮಾರ್ವಾ ಕೈಯಲ್ಲಿ ನಕಾಶೆ ಬಿಡಿಸಿಕೊಂಡು ನಿಂತಿರುವಾಗಲೇ ಅವಳು ಬೆತ್ತ ಊರಿಕೊಂಡು ಹೊರಟಿದ್ದಳು. ಮೂರು ಚೌಕ ದಾಟಿ, ದೊಡ್ಡಬೀದಿಗೆ ಹೋಗದೆ, ಮನೆಗಳ ಹಿಂದಿನ ಓಣಿಗೆ ತಿರುಗಿದಳು. ಸಾರೋಟು ನಿಲ್ಲಿಸುತ್ತಿದ್ದ ಹಳೆಯ ಇಟ್ಟಿಗೆ ಕಟ್ಟಡವೊಂದರ ಮುಂದೆ ನಿಂತಳು. ಕೆಳಗೆ ಈಗ ಸೋಪು, ಮೇಣದಬತ್ತಿ ಮಾರುವ ಅಂಗಡಿ. ಮೇಲೆ ಒಂದು ಪುಟ್ಟ ಕಿಟಕಿ.

"ನಾವು ಅಲ್ಲಿದ್ವಿ," ಎಂದು ಬೆತ್ತದಿಂದ ಕಿಟಕಿ ತೋರಿಸಿದಳು.

"ಅಲ್ಲೇನಾ? ಅಷ್ಟು ಚಿಕ್ಕದರಲ್ಲಾ?"

"ಅಷ್ಟರಲ್ಲೇ. ಮಳೆ ಬಂದಾಗ ಮಂಚ ಈ ಕಡೆ ಎಳೀತಿದ್ವಿ."

ಮಾರ್ವಾ ಓಣಿಯ ಸುತ್ತ ಓಡಿ ಮುಂದಿನ ಬೀದಿಯಿಂದ, ಆ ಕಟ್ಟಡ ಸೇರಿದ್ದ ದೊಡ್ಡ ಮನೆಯನ್ನು ನೋಡಿಕೊಂಡು ಬಂದಳು. ಅವಳ ಮುಖ ಅರಳಿತ್ತು. ಆ ಮನೆಯನ್ನೀಗ ಟಿಕೆಟ್ ಇಟ್ಟು ತೋರಿಸುತ್ತಿದ್ದರು. ಬಾಗಿಲಲ್ಲಿ ಜನ ಸೇರಿದ್ದರು. "ಅಮ್ಮ ಅಡುಗೆ ಮಾಡಿದ ಮನೆ ಅಕ್ಕಾ. ಒಳಗೆ ಹೋಗಿ ನೋಡಬಹುದಂತೆ." ವರ್ಡೆಲ್ ತಂಗಿಯ ಹಿಂದೆ ನಡೆದಳು. ಮುಂಬಾಗಿಲ ಮೆಟ್ಟಿಲ ಹತ್ತಿರ ಬಂದಾಗ ಮಾತ್ರ ನಿಂತುಬಿಟ್ಟಳು.

"ಏನಕ್ಕಾ, ಕಾಲು ನೋವಾ?"

"ಇಲ್ಲ. ಈ ಬಾಗಿಲಲ್ಲಿ ನಾನು ಯಾವತ್ತೂ ಒಳಗೆ ಹೋಗಿಲ್ಲ. ಕಾಲಿಗೆ ಗೊತ್ತದು."

ಮನೆ ತೋರಿಸುವವನು ಲಮಾಂಟ್ ಎಂಬ ಕರಿಯ ಯುವಕ. ಬಿಳಿ ಅಂಗಿ, ಟೈ, ಕೈಯಲ್ಲೊಂದು ಕರವಸ್ತ್ರ. ಬೆವರೊರೆಸಿಕೊಳ್ಳುವುದನ್ನೂ ಅವನು ಚಂದವಾಗಿಯೇ ಮಾಡುತ್ತಿದ್ದ. ಜನರನ್ನು ನಗಿಸುತ್ತ ಕೋಣೆಯಿಂದ ಕೋಣೆಗೆ ಕರೆದೊಯ್ದ. ಮಾರ್ವಾ ಬಾಯಿಬಿಟ್ಟುಕೊಂಡು ಚಾವಣಿಯ ಚಿತ್ತಾರ ನೋಡಿದಳು. ವರ್ಡೆಲ್ ಊಟದ ಮನೆಯಲ್ಲಿ ಬೆಳ್ಳಿ ಚಮಚಗಳ ಮುಂದೆ ಸ್ವಲ್ಪ ಹೊತ್ತು ನಿಂತಳು, ಅಷ್ಟೆ. ಕಡೆಗೆ ಎಲ್ಲರೂ ಮೆಟ್ಟಿಲಿಳಿದು ಕೆಳಗಿನ ಅಡುಗೆಮನೆಗೆ ಬಂದರು. ದಪ್ಪ ಗೋಡೆ, ದೊಡ್ಡ ಒಲೆ, ಒಂದು ಮೂಲೆಯಲ್ಲಿ ಮಳೆನೀರು ತುಂಬಿಡುತ್ತಿದ್ದ ತೊಟ್ಟಿ. ಬಾಗಿಲ ಪಕ್ಕದ ಮರದ ಕಂಬಕ್ಕೆ ಒಂದು ಕಬ್ಬಿಣದ ಕೊಕ್ಕೆ.

ಲಮಾಂಟ್ ದನಿ ತಗ್ಗಿಸಿದ. ಜನ ಹತ್ತಿರ ಸರಿದರು.

"ನೀವೆಲ್ಲ ಕಾಯ್ತಿದ್ದ ಜಾಗ ಇದೇ," ಅಂದ. "ಈ ಮನೇಲಿ ಹ್ಯಾಟಿ ಅಂತ ಒಬ್ಬ ಅಡುಗೆಯವಳಿದ್ದಳು. ಸಿಡುಕಿ, ಮಾತಿಲ್ಲ, ಕತೆಯಿಲ್ಲ. ಮನೆಯ ಮಗಳ ನಿಶ್ಚಿತಾರ್ಥದ ದಿನ ಮೇಲೆ ಔತಣ ನಡೀತಿದ್ದಾಗ ಅವಳಿಗೆ ತಲೆ ಕೆಡ್ತು. ಹೊಟ್ಟೇಲಿ ಹುಟ್ಟಿದ ಗಂಡುಮಗೂನ ತಂದು ಈ ತೊಟ್ಟಿಯ ನೀರಲ್ಲಿ ಮುಳುಗಿಸಿ ಹಿಡಿದಳು. ಆಮೇಲೆ ಬಂದು, ಇಗೋ, ಈ ಕೊಕ್ಕೆಗೆ ನೇಣು ಹಾಕ್ಕೊಂಡಳು. ಇವತ್ತಿಗೂ ಔತಣ ಇದ್ದ ದಿನ ಇಲ್ಲಿ ಹೆಜ್ಜೆ ಸಪ್ಪಳ ಕೇಳಿಸುತ್ತೆ. ನಾನೇ ಕೇಳಿದೀನಿ."

ನಾಲ್ಕಾರು ಮೊಬೈಲುಗಳು ಮೇಲೆದ್ದವು. ಯಾರೋ ಕೊಕ್ಕೆಯ ಫೋಟೊ ತೆಗೆದರು. ಮಾರ್ವಾಳಿಗೂ ಮೈ ಜುಮ್ಮೆಂದಿತು. ತಾಯಿಯ ಮೊದಲೋ ಆಮೇಲೋ ಇಲ್ಲಿದ್ದ ಯಾವಳೋ ಪಾಪದವಳು ಎಂದುಕೊಂಡು ಅಕ್ಕನ ಕಡೆ ತಿರುಗಿದಳು.

ವರ್ಡೆಲ್ ಜನರ ನಡುವಿನಿಂದ ಮುಂದೆ ಬಂದಿದ್ದಳು.

"ಯಾರ ಪೈಕಿ ಮಗಾ ನೀನು?" ಎಂದು ಕೇಳಿದಳು.

ಲಮಾಂಟ್ ನಕ್ಕ. ಊರಿನ ಮುದುಕಿಯರು ಕೇಳುವ ಪ್ರಶ್ನೆ ಅದು, ಅವನಿಗೆ ಹೊಸದಲ್ಲ. "ನಾವು ಇಲ್ಲೇ ಪಕ್ಕದ ಸ್ಯಾಂಡ್‌ಫ್ಲೈ ಹಳ್ಳಿ ಕಡೆಯೋರು, ಅಮ್ಮಾ. ನಮ್ಮಜ್ಜಿ ಬುಟ್ಟೀಲಿ ಏಡಿ ಹೊತ್ತು ಮಾರ್ತಿದ್ರು."

"ಅಂಥ ಅಜ್ಜಿ ಕೈಲಿ ಬೆಳೆದೋನು ಈ ಮಾತನ್ನ ಯಾರ ಹತ್ರ ಕಲಿತೆ?"

"ಕೆಲಸಕ್ಕೆ ಸೇರಿದಾಗ ಇಲ್ಲೇ ಹೇಳಿಕೊಟ್ರು, ಅಮ್ಮಾ."

"ಅವಳ ಹೆಸರು ಹ್ಯಾಟಿ ಅಲ್ಲ. ಒಜೆಲಾ. ಒಜೆಲಾ ಬ್ಯಾಸ್ಕಂ." ವರ್ಡೆಲ್ ದನಿ ಏರಿಸಲಿಲ್ಲ. "ಅವಳು ನೇಣು ಹಾಕ್ಕೊಳ್ಳಲಿಲ್ಲ. ಡೆಟ್ರಾಯಿಟಲ್ಲಿ, ತನ್ನ ಮನೇಲಿ, ತನ್ನ ಮಂಚದ ಮೇಲೆ, ಎಂಬತ್ತು ದಾಟಿ ಸತ್ತಳು. ಮೈ ತೊಳೆದವಳು ನಾನು. ನೀರು ಹೊಯ್ದವಳು ಇಗೋ ಇವಳು, ನನ್ನ ತಂಗಿ."

ಹಿಂದೆ ನಿಂತಿದ್ದ ಒಬ್ಬ ಗಂಡಸು ಇದೂ ಆಟದ ಭಾಗವೇ ಎಂದುಕೊಂಡು ಚಪ್ಪಾಳೆ ತಟ್ಟಿದ. ಉಳಿದವರು ತಟ್ಟಲಿಲ್ಲ. ಅವನ ಕೈಗಳೂ ನಡುವೆಯೇ ನಿಂತವು. ಲಮಾಂಟ್‌ನ ಮುಖದ ಮೇಲೆ ನಗು ಇನ್ನೂ ಇತ್ತು, ಆದರೆ ಅದನ್ನು ಅಲ್ಲಿಂದ ತೆಗೆಯುವುದು ಹೇಗೆಂದು ಅವನಿಗೆ ತಿಳಿಯುತ್ತಿರಲಿಲ್ಲ.

ಮುಂದೆ ನಿಂತಿದ್ದ ಒಬ್ಬ ಹೆಂಗಸು ಮೆಲ್ಲನೆ ಕೇಳಿದಳು, "ಹಾಗಾದ್ರೆ ಮಗು? ಮಗು ಸುಳ್ಳಾ?"

"ಮಗು ನಿಜ," ಅಂದಳು ವರ್ಡೆಲ್.

ಮಾರ್ವಾ ಅಕ್ಕನ ಮುಖ ನೋಡಿದಳು.

"ಲಿನ್‌ವುಡ್ ಅಂತ. ಎರಡು ವರ್ಷ. ಗಂಟಲುಮಾರಿ ಬಂದಿತ್ತು. ಆ ಔತಣದ ದಿನ ಹಿಂದಿನ ಓಣಿಯ ಮೇಲಿನ ಕೋಣೇಲಿ ನನ್ನ ತೊಡೆ ಮೇಲೆ ಮಲಗಿದ್ದ. ಕರಿಯರ ಆಸ್ಪತ್ರೆ ದೂರ ಏನಿರಲಿಲ್ಲ. ಅಮ್ಮ ಬೆಳಿಗ್ಗೆ ಕೇಳಿದಳು, ಕಳಿಸಲಿಲ್ಲ. ಸಾಯಂಕಾಲ ಕೇಳಿದಳು. ಸಿಹಿ ಬಡಿಸಿಬಿಟ್ಟು ಹೋಗು ಅಂದರು. ಅವನ ಉಸಿರು ಕೀರಲು ಶುರುವಾದಾಗ ನಾನು ಇಲ್ಲಿಗೆ ಓಡಿ ಬಂದೆ. ಈ ಬಾಗಿಲಲ್ಲಿ ಯಜಮಾನಮ್ಮನೇ ನಿಂತಿದ್ದರು. ಅಮ್ಮನಿಗೆ ಕೈತುಂಬ ಕೆಲಸ ಇದೆ ಮರಿ, ಹೋಗಿ ಜಾಣೆ ಹಾಗೆ ಕೂತ್ಕೋ ಅಂದರು. ಜಾಣೆ ಹಾಗೆ ಹೋಗಿ ಕೂತೆ."

ಅವಳು ಅಷ್ಟಕ್ಕೆ ನಿಲ್ಲಿಸಿ ಉಸಿರು ತೆಗೆದುಕೊಂಡಳು.

"ಮಣ್ಣು ಮಾಡಿ ಬಂದು ಅಮ್ಮ ಇನ್ನೊಂದು ದಿನ ಅಡುಗೆ ಮಾಡಿದಳು. ಅಷ್ಟನ್ನೂ ಮೇಜಿನ ಮೇಲೆ ಇಟ್ಟು, ಏಪ್ರನ್ ಬಿಚ್ಚಿ ಆ ಕೊಕ್ಕೆಗೆ ಹಾಕಿದಳು. ನೇತಾಡಿದ್ದು ಏಪ್ರನ್. ಹಿಂಬಾಗಿಲಿಂದ ನನ್ನ ಕೈ ಹಿಡಕೊಂಡು ರೈಲಿಗೆ ನಡೆದಳು. ಹೇಳದೆ ಕೇಳದೆ ಒಬ್ಬ ಅಡುಗೆಯವಳು ಎದ್ದು ಹೋಗಬಹುದು ಅಂತ ಇವರಿಗೆ ಹೊಳೆಯಲೇ ಇಲ್ಲ ಕಾಣುತ್ತೆ. ಸತ್ತೇ ಹೋಗಿರಬೇಕು ಅಂದುಕೊಂಡರು."

ಮಾರ್ವಾ ಅಲ್ಲಿ ನಿಲ್ಲಲಿಲ್ಲ. ಜನರನ್ನು ಸರಿಸಿಕೊಂಡು, ಹಿಂಬಾಗಿಲಿನಿಂದ ಹೊರಗೆ ನಡೆದುಬಿಟ್ಟಳು.

ಚೌಕದ ಬೆಂಚಿನ ಮೇಲೆ ಅವಳು ಕೂತಿದ್ದುದನ್ನು ವರ್ಡೆಲ್ ಸ್ವಲ್ಪ ಹೊತ್ತಿನ ಮೇಲೆ ಕಂಡುಹಿಡಿದಳು. ಬಂದು ಪಕ್ಕದಲ್ಲಿ ಕೂತಳು. ನುಸಿಗಳು ಇಬ್ಬರ ಮುಖದ ಸುತ್ತಲೂ ಹಾರಾಡುತ್ತಿದ್ದವು. ಮಾರ್ವಾ ಅವನ್ನು ಓಡಿಸಿಕೊಳ್ಳಲೂ ಇಲ್ಲ.

"ನನಗೊಬ್ಬ ಅಣ್ಣ ಇದ್ದ," ಅಂದಳು.

"ಇದ್ದ."

"ಮೊಬೈಲು ಹಿಡ್ಕೊಂಡ ಮಂದಿ ಮುಂದೆ ಹೇಳಿದೆ. ನನಗೆ ಹೇಳಲಿಲ್ಲ. ನನಗೆ ಅರವತ್ತನಾಲ್ಕು ಅಕ್ಕಾ. ಒಂದೇ ಬೀದೀಲಿದೀವಿ. ದಿನಾ ಬೆಳಿಗ್ಗೆ ನಿನ್ನ ಮನೇಲಿ ಕಾಫಿ ಕುಡೀತೀನಿ."

"ಅಮ್ಮ ಆಣೆ ಹಾಕಿಸಿದ್ದಳು ಕಣೇ. ನೀನು ಹೊಟ್ಟೇಲಿದ್ದಾಗ. ಇದೊಂದಕ್ಕಾದರೂ ಈ ದುಃಖ ಗೊತ್ತಿರೋದು ಬೇಡ ಅಂತ."

"ಅಮ್ಮ ಹೋದಮೇಲೆ?"

ವರ್ಡೆಲ್ ಬೆತ್ತದ ತುದಿಯಿಂದ ನೆಲದ ಮೇಲಿನ ಒಣಎಲೆಯನ್ನು ಅತ್ತ ದೂಡಿದಳು. "ಆಮೇಲೆ ಎಲ್ಲಿಂದ ಶುರು ಮಾಡೋದು ಅಂತ ತಿಳೀಲಿಲ್ಲ. ಎಷ್ಟೋ ಸಲ ಕಾಫಿ ಬಗ್ಗಿಸೋವಾಗ ಬಾಯಿಗೆ ಬರ್ತಿತ್ತು. ನೀನು ಬಸ್ಸಲ್ಲಿ ಯಾರೋ ಜಗಳ ಆಡಿದ ಕತೆ ಹೇಳಿ ನಗ್ತಿರ್ತಿದ್ದೆ. ನಗು ಕೆಡಿಸೋದು ಯಾಕೆ ಅನ್ನಿಸ್ತಿತ್ತು."

"ನಾನೇನು ಮಗೂನಾ?"

"ನನಗೆ ನೀನು ಮಗೂನೇ. ಅದೇ ತಪ್ಪಾಯ್ತು."

ಮಾರ್ವಾ ಎದ್ದು ಬೆಂಚಿನ ಇನ್ನೊಂದು ತುದಿಗೆ ಹೋಗಿ ಕೂತಳು. ಅವಳಿಗೆ ಒಂದು ಚಳಿಗಾಲ ನೆನಪಾಗುತ್ತಿತ್ತು. ಅವಳಿಗೆ ಐದೋ ಆರೋ. ಸಣ್ಣಗೆ ಕೆಮ್ಮು ಬಂದಿತ್ತು. ಮನೆಯಲ್ಲಿ ಚರ್ಚಿನ ನಾಲ್ಕು ಜನ ಊಟಕ್ಕೆ ಕೂತಿದ್ದರು. ಕೆಮ್ಮು ಕೇಳಿದ್ದೇ ಒಜೆಲಾ ಬಡಿಸುವ ಸೌಟನ್ನು ಅಲ್ಲೇ ಕೈಬಿಟ್ಟು, ಅವಳನ್ನು ಕಂಬಳಿಯಲ್ಲಿ ಸುತ್ತಿ ಎತ್ತಿಕೊಂಡು, ಮನೆಯೊಳಗಿನ ಚಪ್ಪಲಿಯಲ್ಲೇ ಹಿಮ ತುಳಿದುಕೊಂಡು ಆಸ್ಪತ್ರೆಗೆ ಓಡಿದ್ದಳು. ಡಾಕ್ಟರು ಕೆಮ್ಮಿನ ಔಷಧಿ ಕೊಟ್ಟು ನಕ್ಕು ಕಳಿಸಿದ್ದರು. ಆ ಕತೆಯನ್ನು ಬೀದಿಯವರು ವರ್ಷಗಟ್ಟಲೆ ಹೇಳಿ ನಕ್ಕರು. ಮಾರ್ವಾಳೂ ನಕ್ಕಿದ್ದಳು, ತನ್ನ ಮಕ್ಕಳಿಗೂ ಹೇಳಿ ನಗಿಸಿದ್ದಳು. ಆ ಕಂಬಳಿಯೊಳಗೆ ತಾಯಿ ತನ್ನ ಜೊತೆ ಇನ್ನೊಂದು ಕೂಸನ್ನೂ ಹೊತ್ತು ಓಡಿದ್ದಳು ಎಂಬುದು ಈಗ, ಈ ಸೆಕೆಯಲ್ಲಿ ಕೂತಾಗ ತಿಳಿಯಿತು. ಅವಳು ಬಾಯಿ ಮುಚ್ಚಿಕೊಂಡು ಅತ್ತಳು. ವರ್ಡೆಲ್ ಮುಟ್ಟಲು ಬರಲಿಲ್ಲ. ಬಂದರೆ ತಂಗಿ ಕೈ ತಳ್ಳಿಬಿಡುತ್ತಾಳೆಂದು ಅವಳಿಗೆ ಗೊತ್ತಿತ್ತು.

ಲಮಾಂಟ್ ಚೌಕ ದಾಟಿ ಬಂದ. ಟೈ ಸಡಿಲಿಸಿಕೊಂಡಿದ್ದ. ಹತ್ತಿರ ಬಂದು ನಿಂತ.

"ಅಮ್ಮಾ, ನನಗೆ ಗೊತ್ತಿರಲಿಲ್ಲ," ಅಂದ.

"ಗೊತ್ತಿಲ್ಲ ಅಂತ ನನಗೂ ಗೊತ್ತು," ಅಂದಳು ವರ್ಡೆಲ್. "ಕೇಳಿದೀನಿ ಅಂದೆಯಲ್ಲ, ಹೆಜ್ಜೆ ಸಪ್ಪಳ. ಅದೊಂದು ಮಾತ್ರ ಸುಳ್ಳು ಅಂತ ನಿನಗೆ ಗೊತ್ತಿತ್ತು."

ಅವನು ತಲೆ ತಗ್ಗಿಸಿದ. "ಜನ ಅದನ್ನ ಕೇಳೋಕೇ ಬರ್ತಾರೆ, ಅಮ್ಮಾ. ಹೆಜ್ಜೆ ಸಪ್ಪಳ ಹೇಳದೆ ಇದ್ದ ದಿನ ಒಬ್ಬರೂ ಭಕ್ಷೀಸಿಗೆ ಕೈ ಬಿಚ್ಚಲ್ಲ."

"ಹೊಟ್ಟೆಪಾಡಿನ ಮಾತು ಬಿಡು. ಕರಿಯರ ಹಳೇ ಸ್ಮಶಾನಕ್ಕೆ ಬಸ್ಸು ಹೋಗುತ್ತಾ? ಅದನ್ನ ಹೇಳು."

"ಬಸ್ಸಿಳಿದು ತುಂಬ ನಡೀಬೇಕು. ಈ ಬಿಸಿಲಲ್ಲಿ ನಿಮ್ಮ ಕೈಲಾಗಲ್ಲ. ನಾಳೆ ನನಗೆ ರಜೆ. ನಾನೇ ಕರ್ಕೊಂಡು ಹೋಗ್ತೀನಿ." ಅವನು ಮಾರ್ವಾಳ ಕಡೆ ನೋಡಿದ. "ನಾನು ಬರಬಹುದು ಅಂದ್ರೆ."

ಮಾರ್ವಾ ಕಣ್ಣೊರೆಸಿಕೊಂಡು, "ಕಾರಿಗೆ ಏಸಿ ಇದೆಯಾ?" ಎಂದು ಕೇಳಿದಳು.

"ಇದೆ ಅಂತ ಕೊಂಡೆ. ಇಲ್ಲ."

ಆ ರಾತ್ರಿ ಅಕ್ಕತಂಗಿಯರು ಒಂದೇ ಕೋಣೆಯಲ್ಲಿ ಒಬ್ಬೊಬ್ಬರು ಒಂದೊಂದು ಮಂಚದ ಮೇಲೆ ಮಲಗಿ, ನಿದ್ದೆ ಬಂದವರ ಹಾಗೆ ಕಣ್ಣುಮುಚ್ಚಿಕೊಂಡರು. ದೀಪ ಆರಿದ ಮೇಲೆ ಮಾರ್ವಾ ಒಂದೇ ಒಂದು ಪ್ರಶ್ನೆ ಕೇಳಿದಳು, "ನೋಡೋಕೆ ಹೇಗಿದ್ದ?" ವರ್ಡೆಲ್ ತುಸು ಯೋಚಿಸಿ, "ಕಿವಿ ದೊಡ್ಡದು. ಅಪ್ಪನ ಹಾಗೆ. ನಿನ್ನ ಎರಡನೇ ಮಗನ ಹಾಗೆ," ಅಂದಳು.

ಸ್ಮಶಾನ ಊರಿನ ಪಶ್ಚಿಮಕ್ಕೆ, ಹೆದ್ದಾರಿಯ ಅಂಚಿಗಿತ್ತು. ಲಾರಿಗಳು ಒಂದರ ಹಿಂದೊಂದು ಗುಡುಗುತ್ತ ಹೋಗುತ್ತಿದ್ದವು. ಬಾಗಿಲ ಹತ್ತಿರ ಕಲ್ಲಿನ ಒಳ್ಳೊಳ್ಳೆಯ ಸಮಾಧಿಗಳು, ಪಾದ್ರಿಗಳದು, ಅನುಕೂಲಸ್ಥರದು. ಒಳಗೆ ಹೋದ ಹಾಗೆ ಕಲ್ಲು ಕಡಿಮೆಯಾಗಿ, ಕೆಲವು ಗೋರಿಗಳ ಮೇಲೆ ಹಳೆಯ ವಾಡಿಕೆಯಂತೆ ಬರಿಯ ಕಪ್ಪೆಚಿಪ್ಪು, ಬಾಯಿ ಒಡೆದ ಬಟ್ಟಲು, ನಿಂತುಹೋದ ಗಡಿಯಾರ ಇಟ್ಟಿದ್ದರು. ಇನ್ನೂ ಒಳಗೆ ಅದೂ ಇರಲಿಲ್ಲ. ಹುಲ್ಲು, ಅಲ್ಲಲ್ಲಿ ತುಸು ತಗ್ಗಿದ ನೆಲ.

ಕಚೇರಿಯಲ್ಲಿ ವಿಚಾರಿಸಲು ಹೋದ ಲಮಾಂಟ್ ಬರಿಗೈಯಲ್ಲಿ ಬಂದ. ಆ ಕಾಲದ ಬಡವರ ಮಕ್ಕಳನ್ನು ಎಲ್ಲೆಲ್ಲಿ ಮಣ್ಣು ಮಾಡಿದರೆಂದು ಯಾರೂ ಬರೆದಿಟ್ಟಿರಲಿಲ್ಲ. ವರ್ಡೆಲ್‌ಳಿಗೆ ಒಂದು ದೇವದಾರು ಮರದ ನೆನಪಿತ್ತು. ಅದರ ಬೇರಿನ ಮೇಲೆ ತಾನು ಕೂತಿದ್ದೆ, ಅಪ್ಪ ಊರಲ್ಲಿ ಇಲ್ಲದ್ದರಿಂದ ಚರ್ಚಿನವರೇ ಗುಂಡಿ ತೋಡಿದರು, ಎಂದಳು. ಬೆತ್ತ ಊರುತ್ತ ಒಂದು ಸಾಲು, ಇನ್ನೊಂದು ಸಾಲು ನಡೆದಳು. ದೇವದಾರು ಇರಲಿಲ್ಲ. ಹೆದ್ದಾರಿಗೆಂದು ಎಷ್ಟೋ ಮರ ಕಡಿದಿದ್ದಾರೆ ಎಂದು ಲಮಾಂಟ್ ಹೇಳಿದ. ಅವಳು ಅದನ್ನು ಕೇಳಿಸಿಕೊಳ್ಳದವಳ ಹಾಗೆ ಮತ್ತೊಂದು ಸಾಲು ಹಿಡಿದಳು. ಅಂಗಿ ಬೆನ್ನಿಗೆ ಅಂಟಿ, ಕಾಲು ನಡುಗಲಾರಂಭಿಸಿದಾಗ ಮಾರ್ವಾ ಹಿಂದಿನಿಂದ ಬಂದು ಅವಳ ರಟ್ಟೆ ಹಿಡಿದಳು.

"ಸಾಕು ಬಾ. ಕೂತ್ಕೋ."

"ಇಲ್ಲೇ ಎಲ್ಲೋ ಇದ್ದಾನೆ ಕಣೇ. ಈ ಕಡೆಯೇ."

"ಹಾಗಾದ್ರೆ ಇಲ್ಲೇ ಕೂರೋಣ. ಇಲ್ಲೇ ಇದ್ದಾನೆ ಅಂದ್ಯಲ್ಲ."

ಇಬ್ಬರೂ ಹುಲ್ಲಿನ ಮೇಲೆ ಕೂತರು. ವರ್ಡೆಲ್‌ಳನ್ನು ಕೂರಿಸಲು ಲಮಾಂಟ್ ಬೇಕಾಯಿತು. ಅವನು ಕೂರಿಸಿ, ದೂರ ಸರಿದು, ಬೆನ್ನು ತಿರುಗಿಸಿ ನಿಂತ. ವರ್ಡೆಲ್ ಅಂಗೈಯನ್ನು ನೆಲಕ್ಕೆ ಒತ್ತಿ ಹಿಡಿದಿದ್ದಳು, ಜ್ವರ ನೋಡುವ ಹಾಗೆ.

"ಏನಂತ ಕರೀಲಿ?" ಮಾರ್ವಾ ಕೇಳಿದಳು. "ನನ್ನ ಮೊಮ್ಮಗನಿಗಿಂತ ಚಿಕ್ಕವನು. ಅಣ್ಣ ಅನ್ನೋದು ಹೇಗೆ?"

"ನಿನಗಿಂತ ಮುಂಚೆ ಬಂದವನು. ಅಣ್ಣ ಅನ್ನು."

ಮಾರ್ವಾ ಬಗ್ಗಿ, ಹುಲ್ಲಿಗೆ ಕೇಳುವಷ್ಟು ಮೆತ್ತಗೆ, ಹಾಗೇ ಕರೆದಳು. ಆಮೇಲೆ ತಾನು ಯಾರು, ತನ್ನ ಮಕ್ಕಳೆಷ್ಟು, ಅಮ್ಮ ಕಡೆಗಾಲದಲ್ಲಿ ಎಷ್ಟು ಹಠ ಮಾಡುತ್ತಿದ್ದಳು ಎಂಬುದನ್ನೆಲ್ಲ ಒಂದೊಂದಾಗಿ ಹೇಳಿದಳು. ಬಸ್ಸಿನಲ್ಲಿ ನಡೆದ ಒಂದು ಜಗಳದ ಕತೆಯನ್ನೂ ಹೇಳಿದಳು. ವರ್ಡೆಲ್ ನಗಲಿಕ್ಕೆ ಶುರುಮಾಡಿ, ನಗು ಅಳುವಾಗಿ, ತಂಗಿಯ ಹೆಗಲಿಗೆ ಹಣೆ ಒತ್ತಿದಳು. ಮಾರ್ವಾ ಅವಳನ್ನು ತಳ್ಳಲಿಲ್ಲ. ಕೋಪ ಹೋಗಿರಲಿಲ್ಲ, ಅದು ಇನ್ನೂ ಸ್ವಲ್ಪ ದಿನ ಇರುತ್ತದೆಂದು ಅವಳಿಗೇ ಗೊತ್ತಿತ್ತು. ಆದರೆ ಆ ಕೋಪಕ್ಕಿಂತ ಅಕ್ಕನ ತಲೆಯ ಭಾರ ದೊಡ್ಡದಾಗಿತ್ತು.

ಹಿಂದಿರುಗುವಾಗ ಲಮಾಂಟ್ ಕಾರು ಓಡಿಸುತ್ತ ಕನ್ನಡಿಯಲ್ಲಿ ನೋಡಿ ಕೇಳಿದ, "ಅಮ್ಮಾ, ಇನ್ಮೇಲೆ ಆ ಅಡುಗೆಮನೇಲಿ ನಿಂತು ನಾನು ಏನಂತ ಹೇಳಲಿ?"

"ಎದ್ದು ಹೋದಳು ಅಂತ ಹೇಳು. ಸಾಕು. ಹುಡುಗನ ಮಾತು ಬೇಡ," ಅಂದಳು ವರ್ಡೆಲ್.

"ಬೇಕು," ಅಂದಳು ಮಾರ್ವಾ.

"ಟಿಕೆಟ್ ಕೊಟ್ಟು ಬಂದವರ ಬಾಯಿಗೆ ಅವನ ಹೆಸರು ಯಾಕೆ?"

"ತೊಟ್ಟೀಲಿ ಮುಳುಗಿಸಿದಳು ಅಂತ ಈಗಾಗಲೇ ಅವರ ಬಾಯಲ್ಲಿದೆಯಲ್ಲ ಅಕ್ಕಾ. ಅದು ಅಮ್ಮನ ತಲೆ ಮೇಲೆ ಇರೋದು ಬೇಕಾ? ಮುಚ್ಚಿಟ್ಟಿದ್ದು ಸಾಕು. ಹೆಸರಿಟ್ಟೇ ಹೇಳಲಿ."

ವರ್ಡೆಲ್ ಕಿಟಕಿಯ ಆಚೆ ನೋಡಿದಳು. ಇಳಿಯುವಾಗ ಮುಂದಿನ ಸೀಟಿಗೆ ಬಾಗಿ, "ಲಿನ್‌ವುಡ್. ಸರಿಯಾಗಿ ಹೇಳು. ಲಿನ್ ಅಂತ ಚಿಕ್ಕದು ಮಾಡಬೇಡ," ಅಂದಳು.

ಲಮಾಂಟ್ ಹೇಳಿದ. ಎರಡು ತಿಂಗಳು ಹೇಳಿದ. ಕೆಲವರು ಕೇಳಿ ಕಣ್ಣೊರೆಸಿಕೊಂಡರು, ಹೆಚ್ಚಿನವರು ದೆವ್ವವಿಲ್ಲದ ಮನೆಗೆ ಇಷ್ಟು ದುಡ್ಡೇಕೆ ಎಂದು ಬಾಗಿಲಲ್ಲಿ ದೂರಿದರು. ಮನೆಯವರು ಅವನನ್ನು ಕರೆದು, ಹಳೆಯ ಕತೆಯನ್ನೇ ಹೇಳು ಇಲ್ಲವೇ ಬೇರೆ ಕೆಲಸ ನೋಡಿಕೋ ಎಂದರು. ಅವನು ಬೇರೆ ಕೆಲಸ ನೋಡಿಕೊಂಡ. ಬೆಳಗಿನ ಹೊತ್ತು ಸರಕುಸಾಗಣೆಯ ಗೋದಾಮಿನಲ್ಲಿ ದುಡಿದು, ಶನಿವಾರ ಭಾನುವಾರ ಬಂದಷ್ಟು ಜನರನ್ನು ಕಟ್ಟಿಕೊಂಡು ಊರಿನ ಹಿಂದಿನ ಓಣಿಗಳಲ್ಲಿ ನಡೆಸುತ್ತಿದ್ದ. ಆ ದೊಡ್ಡ ಮನೆಯಲ್ಲಿ ಹೊಸಬನೊಬ್ಬ ಸೇರಿ ಹ್ಯಾಟಿಯನ್ನು ಮತ್ತೆ ಕೊಕ್ಕೆಗೆ ಹಾಕಿದ. ಇದನ್ನೆಲ್ಲ ಲಮಾಂಟ್ ಫೋನಿನಲ್ಲಿ ಹೇಳಿದಾಗ ಮಾರ್ವಾ ಕೋರ್ಟಿಗೆ ಹೋಗೋಣ ಎಂದು ಕೂಗಾಡಿದಳು. ವರ್ಡೆಲ್ ಕಾಫಿ ಬಗ್ಗಿಸುತ್ತ, "ಅಮ್ಮ ಆ ಮನೆ ಬಿಟ್ಟು ಬಂದಾಯ್ತಲ್ಲ. ನಾವು ಯಾಕೆ ವಾಪಸ್ಸು ಹೋಗಬೇಕು?" ಅಂದಳು.

ಅವಳು ಮತ್ತೆ ಸವಾನಾಗೆ ಬರಲು ಒಪ್ಪಲಿಲ್ಲ. ಮುಂದಿನ ವರ್ಷ ಮಾರ್ವಾ ಅಕ್ಕನಿಲ್ಲದೆ ಹೋದಳು, ದೊಡ್ಡ ಕಿವಿಯ ಎರಡನೇ ಮಗನನ್ನು ಕರೆದುಕೊಂಡು. ಸ್ಮಶಾನದ ಆ ಭಾಗದಲ್ಲಿ ಒಂದು ಚಿಕ್ಕ ಕಲ್ಲು ನಿಲ್ಲಿಸಿದರು. ಲಿನ್‌ವುಡ್ ಎಂದು ಪೂರ್ತಿ ಹೆಸರು, ಕೆಳಗೆ ಒಜೆಲಾಳ ಮಗ ಎಂದಷ್ಟೇ.

ಮಾರನೆಯ ದಿನ ಅವಳು ಟೋಪಿ ಹಾಕಿಕೊಂಡು ಲಮಾಂಟ್‌ನ ಗುಂಪಿನ ಹಿಂದೆ, ಎಲ್ಲರಂತೆ ಒಬ್ಬ ಪ್ರವಾಸಿಯಾಗಿ ನಡೆದಳು. ಗುಂಪಿನಲ್ಲಿದ್ದವರು ಏಳೆಂಟು ಜನ. ಅವನು ಸೋಪಿನ ಅಂಗಡಿಯ ಮುಂದೆ ನಿಂತು, ಮೇಲಿನ ಕಿಟಕಿ ತೋರಿಸಿ, ಕರವಸ್ತ್ರ ಬೀಸದೆ, ದನಿ ತಗ್ಗಿಸದೆ ನಡೆದದ್ದನ್ನು ನಡೆದ ಹಾಗೆ ಹೇಳಿದ. ಹೇಳಿ ಮುಗಿದಾಗ ದೂರದ ಊರಿನ ಒಬ್ಬ ಮುದುಕ, "ಆ ತಾಯಿ ಆಮೇಲೆ ಏನಾದಳು?" ಎಂದು ಕೇಳಿದ.

ಲಮಾಂಟ್ ಬಾಯಿ ತೆರೆಯುವ ಮೊದಲೇ ಮಾರ್ವಾ, "ಇನ್ನೊಂದು ಹೆಣ್ಣುಮಗು ಹೆತ್ತಳು," ಅಂದಳು. "ಅದನ್ನ ತುಂಬ ಮುದ್ದು ಮಾಡಿ ಬೆಳೆಸಿದಳು."

ಮುದುಕ ತಲೆಯಾಡಿಸಿದ. ಗುಂಪು ನೆರಳು ಹುಡುಕುತ್ತ ಓಣಿಯ ಆಚೆಯ ಚೌಕದ ಕಡೆ ನಿಧಾನವಾಗಿ ಸಾಗಿತು.